ತೊಟ್ಟಿಗೆ ಬೇಕಾದ ಹೆಸರು

ಸಾಮಾನ್ಯ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಎಂದು ನೋಟಿಸಿನಲ್ಲಿತ್ತು. ಆರನೇ ವಾರ್ಡಿನ ಸದಸ್ಯೆ ನಿಂಗಕ್ಕ ಹತ್ತೂಮುಕ್ಕಾಲಿಗೇ ಬಂದು ಕೂತಿದ್ದಳು. ಹನ್ನೆರಡಾದರೂ ಕೋರಂಗೆ ಇನ್ನಿಬ್ಬರು ಬರಬೇಕಿತ್ತು. ಕರೆಂಟು ಹೋಗಿತ್ತು. ಬಂದವರು ವಿಷಯಪಟ್ಟಿಯ ಹಾಳೆಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು.

ಅವಳು ಎದ್ದು ಹೊರಗೆ ಬಂದಳು. ಪಟ್ಟಣ ಪಂಚಾಯ್ತಿ ಕಚೇರಿಯ ಜಗಲಿಯಲ್ಲಿ, ಕಂಬಕ್ಕೆ ಒರಗಿ ಕಾಟಪ್ಪ ಕೂತಿದ್ದ. ಅರವತ್ತು ದಾಟಿದ ಮನುಷ್ಯ, ವರಸೆಯಲ್ಲಿ ಅವಳಿಗೆ ಮಾವ. ಹೆಗಲ ಮೇಲೆ ಕರಿಕಂಬಳಿ, ಪಕ್ಕದಲ್ಲಿ ಹಿಡಿದು ಹಿಡಿದು ನುಣ್ಣಗಾದ ಬಿದಿರಕೋಲು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಲವತ್ತೊಂದು ವರ್ಷದಿಂದ ಇರಲಿಲ್ಲ. ಹಟ್ಟಿದೇವರಿಗೆ ಬಿಟ್ಟ ದನಗಳನ್ನು ಕಾಯುವ ಕಿಲಾರಿ ಅವನು. ಆ ಕೋಲು ಹಿಡಿದವನು ಮೆಟ್ಟು ಹಾಕುವಂತಿಲ್ಲ. ದೇವರ ದನದ್ದು ಎಂಬ ಯಾವುದನ್ನೂ ತನ್ನದು ಅನ್ನುವಂತಿಲ್ಲ. ಹಾಗೇನಾದರೂ ಅಂದರೆ ಆವತ್ತಿಗೇ ಕೋಲು ಕೆಳಗಿಡಬೇಕು, ಮತ್ತೆ ದನದ ರೊಪ್ಪದೊಳಗೆ ಕಾಲಿಡಬಾರದು.

"ಇವತ್ತಾದ್ರೂ ಆಗ್ತೈತೇನವ್ವ?" ಎಂದ ಕಾಟಪ್ಪ.

"ಹನ್ನೊಂದನೇ ವಿಷಯ ಐತೆ ಮಾವ. ಮಧ್ಯಾಹ್ನಕ್ಕೆ ಬರ್ಬೋದು."

"ಹೋದ ಸಲ ಒಂಬತ್ತನೇದಿತ್ತು. ಹಿಂದಕ್ಕೆ ಹೋಗ್ತಾ ಐತಲ್ಲ."

ಮೂರು ಸಭೆಗಳಿಂದ ನಿಂಗಕ್ಕನೇ ದನದ ತೊಟ್ಟಿಯ ವಿಷಯವನ್ನು ಪಟ್ಟಿಗೆ ಸೇರಿಸುತ್ತಿದ್ದಳು. ಮೂರು ಸಲವೂ ಮುಂದಕ್ಕೆ ಹಾಕಿದ್ದರು.

ದೊಡ್ಡಕಾವಲಹಟ್ಟಿ ತಳಕಿನಿಂದ ಮೊಳಕಾಲ್ಮುರಿನ ಕಡೆ ಹೋಗುವ ಬಸ್ಸುಗಳು ಐದು ನಿಮಿಷ ನಿಲ್ಲುವ ಊರು. ಎರಡು ವರ್ಷದ ಹಿಂದೆ ಗ್ರಾಮ ಪಂಚಾಯ್ತಿ ಹೋಗಿ ಪಟ್ಟಣ ಪಂಚಾಯ್ತಿ ಆಯಿತು. ಮೊದಲು ಬಸ್ ಸ್ಟ್ಯಾಂಡಿನ ಹಿಂದಿನ ಬೋರಿನಿಂದ ಒಂದು ಪೈಪು ದನದ ತೊಟ್ಟಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಮೇಯುವ ಕಾವಲಿನ ಹೊಂಡಗಳು ಬತ್ತಿದ ಮೇಲೆ ದೇವರ ದನ, ಎಂಬತ್ತಾರು ತಲೆ, ಅಲ್ಲೇ ಬಂದು ಕುಡಿಯುತ್ತಿದ್ದವು. ಪಟ್ಟಣವಾದ ಮೇಲೆ ನೀರಿಗೆ ಹೊಸ ಉಪವಿಧಿ ಬಂತು. ಪ್ರತಿ ಪೈಪಿಗೂ ಮೀಟರು, ಪ್ರತಿ ಮೀಟರಿಗೂ ಒಬ್ಬ ಮಾಲೀಕ, ಅವನ ಆಧಾರ್, ಅವನ ಹೆಬ್ಬೆಟ್ಟು. ಮೂರು ತಿಂಗಳ ಗಡುವು ಕೊಟ್ಟು, ಅದು ಮುಗಿದ ಮೇಲೆ ಹೆಸರಿಲ್ಲದ ಪೈಪುಗಳನ್ನು ಕಿತ್ತುಹಾಕಿದರು. ತೊಟ್ಟಿ ಒಣಗಿ ಒಂಬತ್ತು ದಿನವಾಗಿತ್ತು.

"ಎರ್ರಿಸ್ವಾಮಿ ತ್ವಾಟದ ಹೊಂಡದಾಗೆ ಇನ್ನೂ ನೀರೈತಾ?" ಎಂದಳು ನಿಂಗಕ್ಕ.

"ಇವತ್ತಿಗೆ ಮುಗೀತು. ಬೆಳಿಗ್ಗೆ ಕೆಸರು ಕುಡುದ್ವು. ಪಾಪ, ಅವ್ನಾದ್ರೂ ಎಲ್ಲಿಂದ ತರ್ತಾನೆ?" ಕಾಟಪ್ಪ ಕೋಲನ್ನು ಸವರಿದ. "ಅಲ್ಲಿಗೇ ಆರು ಕಿಲೋಮೀಟರು ನಡೆಸ್ಕೊಂಡು ಹೋಗಬೇಕು. ನಿನ್ನೆ ಬರೋವಾಗ ಮುದಿ ಆಕಳು ಟಾರು ರೋಡಿನ ಮ್ಯಾಲೆ ಮಂಡಿಯೂರಿ ಬಿಡ್ತು. ಲಾರಿಯವ್ನು ಹಾರನ್ ಹೊಡೀತಾನೇ ಇದ್ದ. ಅದು ಏಳ್ಲಿಲ್ಲ."

"ಆಮೇಲೆ?"

"ಲಾರಿಯವ್ನೇ ಇಳ್ದು ಬಂದು ಬಾಟ್ಲಿ ನೀರು ಕುಡಿಸ್ದ. ಆಂಧ್ರದವ್ನು. ತಾಗು ನಾಯನಾ, ತಾಗು ಅಂತಿದ್ದ, ತೆಲುಗಿನಾಗೆ ಕುಡಿ ಕುಡಿ ಅಂತ."

ಒಳಗೆ ಗಂಟೆ ಬಾರಿಸಿದರು. ಅಧ್ಯಕ್ಷೆ ಕಮಲಾಕ್ಷಮ್ಮ ಬಂದಿದ್ದರು.

ನಾಲ್ಕನೇ ವಿಷಯದಲ್ಲೇ ಒಂದು ಗಂಟೆ ಹೋಯಿತು. ರಸ್ತೆಯ ಮೇಲೆ ಶೇಂಗಾ, ಈರುಳ್ಳಿ ಒಣಹಾಕುವುದನ್ನು ನಿಷೇಧಿಸುವ ಉಪವಿಧಿ. ಎಲ್ಲರೂ ಅದು ಬೇಕೇ ಬೇಕು ಎಂದು ಮಾತಾಡಿದರು. ಕೊನೆಗೆ ಈರುಳ್ಳಿ ವ್ಯಾಪಾರಿ ಮುರುಗೇಂದ್ರಪ್ಪ ಎದ್ದು, "ಇಲ್ಲಿ ಕೂತೋರಲ್ಲಿ ರೋಡಿಗೆ ಶೇಂಗಾ ಹಾಕದೇ ಇದ್ದೋರು ಕೈ ಎತ್ರಪ್ಪ" ಎಂದರು. ಮುಖ್ಯಾಧಿಕಾರಿ ಚಂದ್ರಶೇಖರ್ ಒಬ್ಬರೇ ಕೈ ಎತ್ತಿದರು. ಅವರದು ಬೇರೆ ಊರು, ಅವರಿಗೆ ಹೊಲವಿರಲಿಲ್ಲ. ಉಪವಿಧಿಯನ್ನು ಸುಗ್ಗಿ ಮುಗಿದ ಮೇಲೆ ಜಾರಿಗೆ ತರುವುದೆಂದು ತೀರ್ಮಾನವಾಯಿತು.

ಊಟದ ಪೊಟ್ಟಣ ಬಂತು. ಇಬ್ಬರು ಊಟ ಮಾಡಿ, ಹಾಜರಿಗೆ ಸಹಿ ಮಾಡಿ ಹೋದರು. ಹನ್ನೊಂದನೇ ವಿಷಯ ಬಂದಾಗ ಮೂರೂವರೆ.

ದನದ ತೊಟ್ಟಿಗೆ ನೀರು ಬಿಡಲು ಮಾಲೀಕರ ಹೆಸರು ಬೇಕು ಎಂದು ಚಂದ್ರಶೇಖರ್ ಓದಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಸಕ್ತಿಯೂ ಇರಲಿಲ್ಲ.

"ಸಾರ್ವಜನಿಕ ಅಂತ ಬರ್ಕೊಳ್ರಿ, ಮುಗೀತು" ಎಂದರು ಕಮಲಾಕ್ಷಮ್ಮ.

"ಆಗಲ್ಲ ಮೇಡಂ. ಸಾರ್ವಜನಿಕ ಪಟ್ಟಿಯಲ್ಲಿ ಶಾಲೆ, ಅಂಗನವಾಡಿ, ಬೀದಿನಲ್ಲಿ, ಶೌಚಾಲಯ ಇಷ್ಟೇ ಇರೋದು. ದನದ ತೊಟ್ಟಿ ಗ್ರಾಮ ಪಂಚಾಯ್ತಿ ಪಟ್ಟಿಯಲ್ಲಿತ್ತು. ಪಟ್ಟಣದ್ದರಲ್ಲಿ ಇಲ್ಲ. ಸೇರಿಸಿ ಅಂತ ಎರಡು ಸಲ ಮೇಲಕ್ಕೆ ಬರೆದಿದ್ದೀನಿ, ಉತ್ತರ ಬಂದಿಲ್ಲ."

"ಅಂದ್ರೆ ಪಟ್ಟಣ ಆದ ದಿನಾನೇ ದನಗೋಳು ಊರು ಬಿಡ್ಬೇಕಿತ್ತು" ಎಂದರು ಮುರುಗೇಂದ್ರಪ್ಪ. "ಅವಕ್ಕೆ ನೋಟಿಸ್ ಕೊಟ್ಟಿರ್ಲಿಲ್ವೇನ್ರಿ?"

ನಾಲ್ಕು ಜನ ನಕ್ಕರು. ನಿಂಗಕ್ಕನಿಗೂ ನಗು ಬಂತು. ಅದು ಮುಗಿದ ಮೇಲೆ ಇನ್ನಷ್ಟು ದಣಿವಾಯಿತು.

"ದೇವರ ಹೆಸರಿಗೇ ಮಾಡ್ರಿ ಹಂಗಾದ್ರೆ" ಎಂದರು ಯಾರೋ.

"ಕಂಪ್ಯೂಟರು ದೇವರ ಆಧಾರ್ ಕೇಳುತ್ತೆ ಸರ್."

"ಪೂಜಾರಿ ಹೆಸರು?"

"ಪೂಜಾರಪ್ಪನಿಗೂ ಅದೇ ಕಟ್ಟುಪಾಡು" ಎಂದಳು ನಿಂಗಕ್ಕ. "ನಮ್ಮ ಹಟ್ಟಿಯೋರು ಯಾರೇ ಹೆಸರು ಕೊಟ್ರೂ ದೇವರ ಸ್ವತ್ತು ತನ್ನದು ಅಂದಂಗೆ. ಟ್ರಸ್ಟ್ ಮಾಡಿ ಅಂತ ಹೋದ ಸಲ ಅಂದ್ರಿ. ಚಳ್ಳಕೆರೆಗೆ ಹೋಗಿ ಕೇಳ್ಕೊಂಡು ಬಂದ್ವಿ. ಟ್ರಸ್ಟಿಗೂ ಅಧ್ಯಕ್ಷ ಬೇಕಂತೆ. ಯಾರು ಅಂತ ಹಟ್ಟಿಯ ಹನ್ನೆರಡು ಮನೆಯೋರೂ ಇನ್ನೂ ಕೂತು ಮಾತಾಡ್ತಾನೇ ಅವ್ರೆ."

"ನೀವೇ ಕೊಡಿ ಅಮ್ಮ, ಸದಸ್ಯರಲ್ವಾ?" ಎಂದರು ಚಂದ್ರಶೇಖರ್.

"ನಾನೂ ಅದೇ ಹಟ್ಟಿಯೋಳು ಸರ್."

ಮುರುಗೇಂದ್ರಪ್ಪ ಕೈ ಬೀಸಿದರು. "ನಂದು ಬರ್ಕೊಳ್ರಿ. ನಮ್ಮ ಗೋಡಾನು ಪಕ್ಕದಾಗೇ ಐತೆ ತೊಟ್ಟಿ. ನನಗ್ಯಾವ ಕಟ್ಟುಪಾಡೂ ಇಲ್ಲ."

ಜಗಲಿಯಿಂದ ಎದ್ದು ಬಂದು ಕಾಟಪ್ಪ ಬಾಗಿಲಲ್ಲಿ ನಿಂತಿದ್ದ. "ಬ್ಯಾಡ ಸ್ವಾಮಿ" ಎಂದ.

"ಯಾಕೋ?"

"ನೀವು ಒಳ್ಳೆಯೋರು. ನಿಮ್ಮ ಕಾಲ ಆದ್ಮ್ಯಾಲೆ ನಿಮ್ಮ ಮಕ್ಳು ಗೋಡಾನು, ತೊಟ್ಟಿ ಎಲ್ಡೂ ಒಂದೇ ಅಂತಾರೆ."

"ಲೇ, ನಾನಿನ್ನೂ ಬದುಕಿದೀನಿ ಕಣೋ!" ಎಂದರು ಮುರುಗೇಂದ್ರಪ್ಪ. ಸಭೆ ಮತ್ತೆ ನಕ್ಕಿತು. ಅವರೂ ನಕ್ಕರು. ಆದರೆ ಆ ಮಾತಿಗೆ ಅಲ್ಲ ಅನ್ನಲಿಲ್ಲ.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಕಮಲಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಇನ್ನೂ ಆರು ವಿಷಯಗಳಿದ್ದವು.

"ಇದನ್ನ ಮುಂದಿನ ಸಭೆಗೆ ಇಟ್ಕಳಾನ" ಎಂದರು. "ಒಪ್ಪೋರು ಕೈ ಎತ್ರಿ."

ಕೈಗಳು ಏಳತೊಡಗಿದವು. ನಿಂಗಕ್ಕ ತನ್ನ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಅದರಿಂದ ಆಗುವುದೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

"ಸಾಹೇಬ್ರೇ" ಎಂದ ಕಾಟಪ್ಪ. "ಹೆಸರು ಬರ್ಕೊಂಡ್ರೆ ನೀರು ಯಾವತ್ತು ಬಿಡ್ತೀರಿ?"

"ಇವತ್ತೇ ಬಿಡಿಸ್ತೀನಿ. ಪೈಪು ಜೋಡಿಸೋಕೆ ಒಂದು ಗಂಟೆ."

"ನಂದು ಬರ್ಕೊಳ್ರಿ."

ನಿಂಗಕ್ಕ ಎದ್ದಳು. "ಮಾವ, ಏನಂತ ಮಾತಾಡ್ತಿದೀಯಾ? ಕೋಲು..."

"ಗೊತ್ತೈತೆ ಕೂತ್ಕೊಳವ್ವ."

"ಇಷ್ಟೇ ಆಗಿದ್ರೆ ಮೂರು ತಿಂಗಳ ಹಿಂದೇನೇ ಹೇಳ್ಬಾರ್ದಿತ್ತೇನಪ್ಪ?" ಎಂದರು ಕಮಲಾಕ್ಷಮ್ಮ. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಸುಮ್ಮನೆ ನಮ್ಮೆಲ್ಲರ ತಲೆ ತಿಂದ್ಯಲ್ಲ."

ಕಾಟಪ್ಪ ಕೋಲನ್ನು ಹೊರಗಿನ ಕಂಬಕ್ಕೆ ಒರಗಿಸಿದ. ಅದು ಜಾರಿತು. ಮತ್ತೆ ಎತ್ತಿ, ಗೋಡೆಯ ಮೂಲೆಯಲ್ಲಿ ಭದ್ರವಾಗಿ ನಿಲ್ಲಿಸಿ ಒಳಗೆ ಬಂದ. ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು ತೆಗೆದ. ಪ್ಲಾಸ್ಟಿಕ್ಕಿನ ಮಡಿಕೆ ಹಳೆಯದಾಗಿ ಬೆಳ್ಳಗಾಗಿತ್ತು. ಇದನ್ನು ಎಷ್ಟು ಸಭೆಗಳಿಗೆ ತಂದು ವಾಪಸ್ಸು ತೆಗೆದುಕೊಂಡು ಹೋದನೋ ಎಂದುಕೊಂಡಳು ನಿಂಗಕ್ಕ.

ಗುಮಾಸ್ತೆ ವನಜಾಕ್ಷಿ ಯಂತ್ರ ಮುಂದಿಟ್ಟಳು. ಹೆಬ್ಬೆಟ್ಟು ಹತ್ತಲಿಲ್ಲ. ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಅವಳು ಬಟ್ಟೆಯಿಂದ ಒರೆಸಿದಳು, ಎಣ್ಣೆ ಹಚ್ಚಿ ನೋಡಿದಳು.

"ಬೇರೆ ಬೆರಳು ಇಡಿ ಅಜ್ಜ. ಗಟ್ಟಿಯಾಗಿ ಒತ್ತಿ."

"ಒತ್ತಾ ಇದೀನಿ ತಾಯಿ."

ಎಡಗೈಯ ಉಂಗುರ ಬೆರಳು, ಎಂಟನೆಯ ಸಲಕ್ಕೆ, ಹತ್ತಿತು. ಹಸಿರು ದೀಪ ಬಂತು. ಸಭೆ ಹನ್ನೆರಡನೇ ವಿಷಯಕ್ಕೆ ಹೋಯಿತು.

ಕಾಟಪ್ಪ ಹೊರಗೆ ಬಂದವನು ಕೋಲಿನ ಕಡೆ ನೋಡಲಿಲ್ಲ. ಹಿಂದೆಯೇ ಬಂದ ನಿಂಗಕ್ಕನಿಗೆ, "ನಮ್ಮ ಗಾದ್ರಪ್ಪನಿಗೆ ಫೋನ್ ಮಾಡವ್ವ. ಕೋಲು ಇಲ್ಲೈತೆ, ತಗಂಡು ಹೋಗು ಅಂತ ಹೇಳು" ಎಂದ. ಗಾದ್ರಪ್ಪ ಅವನ ತಮ್ಮ. "ಕುಂಟು ಹೋರೀನ ಮುಂದೆ ಬಿಡ್ಬ್ಯಾಡ ಅನ್ನು. ಅದು ನಿಧಾನ, ಮಿಕ್ಕವು ನೂಕ್ತವೆ."

"ನೀನೇ ಹೇಳು ಮಾವ."

"ನಾನು ಹೇಳಂಗಿಲ್ಲ ಈಗ."

ಆ ಸಂಜೆ ಆರಕ್ಕೆ ತೊಟ್ಟಿಗೆ ನೀರು ಬಂತು. ಗಾದ್ರಪ್ಪ ಬರಿಗಾಲಲ್ಲಿ, ಕೋಲನ್ನು ಇನ್ನೂ ರೂಢಿಯಿಲ್ಲದವನಂತೆ ಎದೆಗೆ ಅಡ್ಡ ಹಿಡಿದು, ದನಗಳ ಹಿಂದೆ ಬಂದ. ಕಾಟಪ್ಪ ರಸ್ತೆಯ ಆಚೆ, ಟೀ ಅಂಗಡಿಯ ತಡಿಕೆಯ ಹಿಂದೆ ನಿಂತಿದ್ದ. ಕುಂಟು ಹೋರಿ ನೀರಿನಿಂದ ಮೂತಿ ಎತ್ತಿ ಗಾಳಿಯಲ್ಲಿ ವಾಸನೆ ಹಿಡಿಯಿತು. ಕಾಟಪ್ಪ ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಮುಂದಿನ ತಿಂಗಳ ಸಭೆಯಲ್ಲಿ ವನಜಾಕ್ಷಿ ಹಿಂದಿನ ನಡಾವಳಿ ಓದಿದಳು. "ವಿಷಯ ಹನ್ನೊಂದು. ತೊಟ್ಟಿಯ ಮಾಲೀಕರಾದ ಕಾಟಪ್ಪನವರು ಸ್ವಇಚ್ಛೆಯಿಂದ ಒಪ್ಪಿರುವುದರಿಂದ ಸಂಪರ್ಕ ಮಂಜೂರು ಮಾಡಲಾಗಿದೆ."

"ಆ ಮಾಲೀಕರು ಅನ್ನೋದನ್ನ ತೆಗೀರಿ ಸರ್" ಎಂದಳು ನಿಂಗಕ್ಕ.

ಚಂದ್ರಶೇಖರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತೆಗೆದ್ರೆ ಸಂಪರ್ಕವೇ ಹೋಗುತ್ತಮ್ಮ. ಮತ್ತೆ ಮೊದಲಿಂದ ಬರಬೇಕು."

ಅವಳು ಪುಸ್ತಕವನ್ನು ಹತ್ತಿರ ಎಳೆದುಕೊಂಡು ಸಹಿ ಮಾಡಿದಳು.

ಸಂಜೆ ಹೊರಗೆ ಬಂದಾಗ ಜಗಲಿಯಲ್ಲಿ ಕಾಟಪ್ಪ ಕೂತಿದ್ದ. ಪಕ್ಕದಲ್ಲಿ ನೀಲಿ ಪಟ್ಟಿಯ ಹೊಸ ಹವಾಯಿ ಚಪ್ಪಲಿ. ಅವನ ಕಾಲಿನ ಹೆಬ್ಬೆರಳ ಸಂದಿಯ ಚರ್ಮ ಕಿತ್ತು ಕೆಂಪಗಾಗಿತ್ತು.

"ಏನು ಬಂದಿದ್ದು ಮಾವ?"

"ಸುಮ್ನೆ. ಮನ್ಯಾಗೆ ಹೊತ್ತು ಹೋಗಲ್ಲ. ನಿಮ್ಮ ಸಭೆ ಕೇಳ್ತಾ ಕೂತಿದ್ದೆ. ರೋಡಿನ ಶೇಂಗಾ ಇನ್ನೂ ಮುಗಿದಿಲ್ವಲ್ಲವ್ವ."

"ಚಪ್ಲಿ ಹಾಕ್ಕೊ, ನೆಲ ಸುಡ್ತೈತೆ."

"ನೆಲ ಏನೂ ಮಾಡಲ್ಲ ಕಣವ್ವ. ಇವೇ ಕಚ್ತಾವೆ."

ಅವನು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ನಿಂಗಕ್ಕ ಜೊತೆಗೆ ನಡೆದಳು. ಬಸ್ ಸ್ಟ್ಯಾಂಡಿನ ಹತ್ತಿರ, ತೊಟ್ಟಿ ಕಾಣುವ ತಿರುವಿನಲ್ಲಿ ಅವನು ನಿಂತ. ಚಪ್ಪಲಿಗಳನ್ನು ನೆಲಕ್ಕಿಟ್ಟು, ಒಂದೊಂದಾಗಿ ಕಾಲಿಗೆ ಹಾಕಿಕೊಂಡ. ಗಾದ್ರಪ್ಪ ಬರಿಗಾಲಲ್ಲಿ ದನ ಹೊಡೆದುಕೊಂಡು ಬರುವ ಹೊತ್ತಾಗಿತ್ತು.