ಏಕಾಂತಪ್ಪನ ಸಾಲು

ಉಚ್ಚಂಗೆಮ್ಮ ಹಗರಿಬೊಮ್ಮನಹಳ್ಳಿಯ ರಂಗಮಂದಿರಕ್ಕೆ ಅಧಿಕಾರಿಯಾದಾಗ ಎಲ್ಲರೂ ಹಾರ ಹಾಕಿದರು. ನನಗೆ ಮಾತ್ರ ಅದು ಸೇರಲಿಲ್ಲ. ನಾಟಕ ಕಂಪನಿಯಲ್ಲಿ ಇಷ್ಟು ವರ್ಷ ಅವಳಿಗೆ ಹಾರ್ಮೋನಿಯಂ ಪೇಟಿ ಬಾರಿಸಿದವನು ನಾನು. ಅವಳು ದನಿ ಎತ್ತಿದರೆ ಟೆಂಟಿನ ಹೊರಗೆ ಮಿರ್ಚಿ ಕರಿಯುವವನೂ ಸೌಟು ಕೆಳಗಿಟ್ಟು ಕೇಳುತ್ತಿದ್ದ. ಈಗ ಅದೇ ಗಂಟಲು ಮೈಕಿನವನಿಗೂ ಜನರೇಟರಿನವನಿಗೂ ಗದರುವುದರಲ್ಲೇ ಸವೆಯುತ್ತಿತ್ತು.

ರಂಗದ ಮೇಲೆ ಅವಳ ಗಂಡ ಏಕಾಂತಪ್ಪ. ನಿಜದಲ್ಲಿ ಇಬ್ಬರಿಗೂ ಬೇರೆ ಬೇರೆ ಸಂಸಾರವಿತ್ತು. ಅವರ ಜೋಡಿಹಾಡು ಕೇಳಿದ ಮಂದಿ ಮಾತ್ರ ಅದನ್ನು ಎಂದೂ ನಂಬಲಿಲ್ಲ.

ಹೋದ ಚಳಿಗಾಲದಲ್ಲಿ ಏಕಾಂತಪ್ಪ ನನ್ನನ್ನು ಕರೆದುಕೊಂಡು ಅವಳ ಆಫೀಸಿಗೆ ಹೋದ.

“ಸೋಮವಾರ ನನ್ನ ಗಂಟಲಪೆಟ್ಟಿಗಿ ತಗಿತಾರಂತ ಉಚ್ಚಂಗಿ. ಆಮ್ಯಾಲೆ ದನಿ ಇರಂಗಿಲ್ಲ. ಶನಿವಾರದ ಕಾರ್ಯಕ್ರಮದಾಗ ನಮ್ಮ ಜೋಡಿಹಾಡು ಒಮ್ಮಿ ಹಾಡೋಣೇನು?”

ಅವಳು ಮೇಜು ನೋಡುತ್ತ ಕುಳಿತಳು. “ನೀವು ಹಾಡ್ರಿ ಮಾಸ್ತರ. ನಾನು ಅಧಿಕಾರಿ ಅದೀನಿ. ನಾನೇ ಸ್ಟೇಜ್ ಹತ್ತಿ ಹಾಡಿದ್ರ ಮಂದಿ ಆಡಿಕೊಳ್ತಾರ.”

ಅವನು ತಲೆಯಾಡಿಸಿ ಹೊರಗೆ ಹೋದ. ಅವಳು ನನ್ನ ತೋಳು ಹಿಡಿದಳು.

“ಕೊಟ್ರಣ್ಣ, ನನ್ನ ದನಿ ಒಡದೈತಿ. ಮ್ಯಾಲೆ ಏರಂಗಿಲ್ಲ. ಮಂದಿ ನೆನಪಿನಾಗ ಇರೋ ಉಚ್ಚಂಗೆಮ್ಮನ್ನ ಕೆಡಿಸಾಕ ನನಗ ಧೈರ್ಯ ಇಲ್ಲ.”

ನನಗೆ ಸಿಟ್ಟು ತಡೆಯಲಾಗಲಿಲ್ಲ. “ಅವಂದು ಪೂರಾ ಹೋಗಾಕ ಹತ್ತೈತಿ. ನೀನು ಒಡದದ್ದಕ್ಕ ಅಳ್ತಿಯಲ್ಲ?” ಎಂದೆ. ಅವಳು ನನ್ನ ತೋಳು ಬಿಟ್ಟಳು.

ಶನಿವಾರ ಏಕಾಂತಪ್ಪ ಒಬ್ಬನೇ ಹಾಡಿದ. ಅವಳ ಸಾಲು ಬಂದಾಗ ಅದನ್ನೂ ತಾನೇ, ದನಿ ಸಣ್ಣ ಮಾಡಿ, ಹಾಡಿದ. ಒಂದಕ್ಷರ ತಪ್ಪಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಉಚ್ಚಂಗೆಮ್ಮ ಅತಿಥಿಗಳಿಗೆ ಶಾಲು ಜೋಡಿಸುವ ನೆಪದಲ್ಲಿ ಪರದೆಯ ಹಿಂದೆ ನಿಂತಿದ್ದಳು.

ಆಪರೇಷನ್ ಆಗಿ ತಿಂಗಳಾದ ಮೇಲೆ ಅವಳು ತಾನಾಗಿ ನನಗೆ ಫೋನ್ ಮಾಡಿ, ಪೇಟಿ ತರಲು ಹೇಳಿದಳು. ಇಬ್ಬರೂ ಏಕಾಂತಪ್ಪನ ಊರು ಇಟ್ಟಿಗಿಗೆ ಹೋದೆವು. ಏಕಾಂತಪ್ಪ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದು ಕೈಮುಗಿದ. ಅವಳು ಅವನ ಎದುರಿಗೆ ನೆಲದ ಮೇಲೆ ಕುಳಿತು ಹಾಡತೊಡಗಿದಳು. ದನಿ ನಿಜಕ್ಕೂ ಒಡೆದಿತ್ತು. ಮೇಲಿನ ಷಡ್ಜಕ್ಕೆ ಹೋಗಿ ಜಾರಿ ಬಿತ್ತು. ಏಕಾಂತಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನನಗೆ ಅಳು ಬಂತು.

ಅವನ ಸಾಲು ಬಂದಾಗ ಅವಳು ನಿಂತಳು. ನಾನು ಪೇಟಿಯಲ್ಲಿ ಸುರ ಹಿಡಿದೇ ಇದ್ದೆ. ಆ ಸಾಲು ನನಗೆ ಬರುತ್ತಿತ್ತು, ಆದರೆ ಅದು ನಾನು ಹಾಡುವಂಥದ್ದಲ್ಲ.

“ನಿಮ್ಮ ಸಾಲು ನಾನು ಕಲ್ತೇ ಇಲ್ಲ ಮಾಸ್ತರ,” ಎಂದಳು. “ನೀವು ಇದ್ರಲ್ಲ, ಕಲಿಯೋ ಗರಜು ಬೀಳಲಿಲ್ಲ. ಈಗ ಹೇಳಿಕೊಡ್ರಿ.”

ಏಕಾಂತಪ್ಪ ಕಣ್ಣು ತೆರೆದ. ಸ್ವಲ್ಪ ಮುಂದಕ್ಕೆ ಬಾಗಿ ಮೊದಲ ಶಬ್ದಕ್ಕೆ ಬಾಯಿ ತೆರೆದ. ಅವಳು ಅವನ ತುಟಿಯನ್ನೇ ನೋಡುತ್ತ, ಕಲಿಯಲು ಕಾದು ಕುಳಿತಳು.