ಹಿಂದೆ ಉಳಿಯುವ ಓಟ

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಅವಳು ಮಗಳ ಹಾಸಿಗೆಯ ಬಟ್ಟೆಯನ್ನು ಸದ್ದಾಗದಂತೆ ಉಜ್ಜುತ್ತಿದ್ದಳು. ಮಗಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡಿದ್ದಳು. ಹತ್ತು ತುಂಬಿದ ಹುಡುಗಿ. ಚಿಕ್ಕಂದಿನಲ್ಲಿ ಎಂದೋ ಬಿಟ್ಟುಹೋಗಿದ್ದದ್ದು ಹೋದ ವರ್ಷ ಮತ್ತೆ ಶುರುವಾಗಿತ್ತು. ಗಂಡ ಏಳುವುದರೊಳಗೆ ಅದನ್ನು ಜಾಲಿಸಿ, ಹಿಂಡಿ, ಹಿತ್ತಲ ತಂತಿಯ ಮೇಲೆ ಉಳಿದ ಬಟ್ಟೆಗಳ ನಡುವೆ ಹರವಿಬಿಟ್ಟರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬಟ್ಟೆಯ ಎರಡೂ ತುದಿ ಹಿಡಿದು ಒಂದು ಸುತ್ತು ತಿರುವಿದ್ದಳಷ್ಟೆ, ಅಂಗಳದಲ್ಲಿ ಸೀಟಿ ಕೂಗಿತು.

ಸೀಟಿ ಊದಿದರೆ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಬರಬೇಕು. ಅದು ಮನೆಯ ಕಾನೂನು. ಒಮ್ಮೆ ಒಲೆ ಆರಿಸಿ ಬರುತ್ತೇನೆಂದು ಒಂದು ಗಳಿಗೆ ನಿಂತದ್ದಕ್ಕೆ ಅವನು ಅವಳ ಜಡೆ ಹಿಡಿದು ಅಡುಗೆಮನೆಯಿಂದ ಹೊಸ್ತಿಲವರೆಗೆ ಎಳೆದು ತಂದಿದ್ದ. ಹೊಸ್ತಿಲಿಗೆ ಬಡಿದು ಮುಂದಿನ ಹಲ್ಲಿನ ಚೂರೊಂದು ಹಾರಿತ್ತು. ಈಗಲೂ ನಗುವಾಗ ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತದೆ.

ಅವಳು ಹಸಿ ಬಟ್ಟೆಯನ್ನು ಬಕೆಟ್ಟಿನೊಳಗೆ ತುರುಕಿ, ಮೇಲೆ ತಂಬಿಗೆ ಬೋರಲಿಟ್ಟು ಹೊರಗೆ ಬಂದಳು.

"ಏಯ್ ಆಮೆ! ಕಿವಿಗೆ ಸೋಪು ತುಂಬ್ಕೊಂಡಿದ್ದೀಯಾ? ಎಷ್ಟು ಸಲ ಊದಬೇಕು?"

"ಬಂದೆ ರೀ."

ಅಂಗಳದಲ್ಲಿ ಅವನು ಸೈಕಲ್ಲಿಗೆ ಒರಗಿ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಬನಿಯನ್ನು, ಕೊರಳಲ್ಲಿ ಸೀಟಿ, ಹ್ಯಾಂಡಲಿಗೆ ಸುತ್ತಿದ ಸ್ಕಿಪ್ಪಿಂಗ್ ಹಗ್ಗ. ಹಗ್ಗದ ಎರಡು ತುದಿಗೂ ಮರದ ಹಿಡಿ. ಮಗಳು ಆಗಲೇ ಬೂಟು ಹಾಕಿಕೊಂಡು ನಿಂತಿದ್ದಳು. ಅವಳು ಅಮ್ಮನ ಒದ್ದೆ ಕೈಗಳನ್ನು ನೋಡಿ, ನೆಲ ನೋಡಿದಳು.

ಅವನು ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸಾಲು ತಪ್ಪಿದ ಹುಡುಗನೊಬ್ಬನ ಕಿವಿಯ ಮೇಲೆ ಹೊಡೆದಾಗ ರಕ್ತ ಬಂತು, ಕೆಲಸ ಹೋಯಿತು. "ಶಿಸ್ತು ಬೇಡದ ಕಡೆ ನನಗೇನು ಕೆಲಸ, ನಾನೇ ರಾಜೀನಾಮೆ ಮುಖಕ್ಕೆ ಎಸೆದು ಬಂದೆ" ಎಂದು ಓಣಿಗೆಲ್ಲ ಹೇಳಿದ. ಆಮೇಲೆ ಅವನ ಕೈಗೆ ಉಳಿದ ವಿದ್ಯಾರ್ಥಿಗಳು ಇಬ್ಬರೇ.

ಬೆಳಗಾದರೆ ಅವನು ಇಬ್ಬರನ್ನೂ ಓಡಿಸತೊಡಗಿದ. ಓಟದ ತಪ್ಪೇನೂ ಇರಲಿಲ್ಲ. ಇದನ್ನು ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಮೊದಲ ತಿಂಗಳು ಮೈಕೈ ನೋವಾದರೂ ಬೆಳಗಿನ ಗಾಳಿ ಮುಖಕ್ಕೆ ಹೊಡೆದಾಗ ಎದೆ ಹಗುರಾಗುತ್ತಿತ್ತು. ಮಗಳು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಣ್ಣತೊಡಗಿದ್ದಳು. ಪುಸ್ತಕ ಹಿಡಿದರೆ ತೂಕಡಿಸುವುದು ನಿಂತಿತ್ತು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಚಾದರ ಹಿಂಡುವ ಅವಳ ಸೊಂಟದ ನೋವೂ ಮಾಯವಾಗಿತ್ತು. ಆಗ ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿದ್ದೂ ಉಂಟು. ಹಾಗೇ ನಡೆದುಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ದಿನ ಅವನು ಪಂದ್ಯ ಇಟ್ಟ. ಕಾಲುವೆ ದಾರಿಯಲ್ಲಿ ಓಡಿ, ಮುಚ್ಚಿದ ಗಿರಣಿಯ ಗೋಡೆ ಬಳಸಿ, ನೀರಿನ ಟ್ಯಾಂಕಿನ ಕಬ್ಬಿಣದ ಗೇಟು ಮುಟ್ಟಬೇಕು. ಹಿಂದೆ ಉಳಿದವರಿಗೆ ಹಗ್ಗ. ಮೊದಲ ದಿನ ತಾಯಿ ಏನೂ ತಿಳಿಯದೆ ಮುಂದೆ ಓಡಿ ಗೇಟು ಮುಟ್ಟಿ ನಗುತ್ತ ತಿರುಗಿದಳು. ಮಗಳ ಮೀನಖಂಡದ ಮೇಲೆ ಹಗ್ಗ ಬಿದ್ದ ಸದ್ದು ಕೇಳಿದಳು. ಹುಡುಗಿ ಅಳಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ದನಿ ಹೊರಡಲಿಲ್ಲ. ಹಾಸಿಗೆ ಒದ್ದೆಯಾಗಲು ಶುರುವಾದದ್ದು ಆವತ್ತಿನಿಂದ.

ಮರುದಿನದಿಂದ ತಾಯಿ ಹಿಂದೆ ಉಳಿದಳು. ಜೋರಾಗಿ ಓಡುವುದು ಅವಳಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಚಿಕ್ಕವಳಿದ್ದಾಗ ಅಪ್ಪನ ಊಟದ ಡಬ್ಬಿ ಹಿಡಿದು, ಗಿರಣಿಯ ಸೈರನ್ ಕೂಗುವುದರೊಳಗೆ ಓಡಿ ಮುಟ್ಟಿಸುತ್ತಿದ್ದವಳು ಅವಳು. ನಿಧಾನ ಓಡುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ತೀರಾ ಹಿಂದೆ ಬಿದ್ದರೆ ಬೇಕಂತಲೇ ಅಂತ ಗೊತ್ತಾಗುತ್ತದೆ. ಆದ್ದರಿಂದ ಮಗಳ ಬೆನ್ನಿಗಂಟಿದ ಹಾಗೆ ಓಡಬೇಕು, ಆದರೆ ದಾಟಬಾರದು. ಪಕ್ಕೆ ಹಿಡಿದುಕೊಳ್ಳಬೇಕು, ಏದುಸಿರು ಬಿಡಬೇಕು, ಗೇಟಿನ ಹತ್ತಿರ ಬಂದಾಗ ಒಂದು ಸಲ ಮುಗ್ಗರಿಸಬೇಕು. ಮಗಳಿಗೆ 'ಜಿಂಕೆ' ಎಂಬ ಹೆಸರು ಸಿಕ್ಕಿತು, ತಾಯಿಗೆ 'ಆಮೆ'. ಗಿರಣಿ ಗೋಡೆಯ ಆಚೆ ಜನರ ಓಡಾಟವಿರಲಿಲ್ಲ. ಅಲ್ಲಿ ಅವನು ಎಣಿಸದೆ ಹೊಡೆಯುತ್ತಿದ್ದ. ಹಗ್ಗ ತಿರುಚಿಕೊಂಡು ಬಿದ್ದರೆ ಚರ್ಮ ಏಳುತ್ತಿತ್ತು. ಸಿಟ್ಟು ಜಾಸ್ತಿಯಿದ್ದ ದಿನ ಮರದ ಹಿಡಿ ಮೂಳೆಗೆ ತಾಕುತ್ತಿತ್ತು. ಅವಳು ಗೇಟಿನ ಸರಳು ಹಿಡಿದು ನಿಂತು, ಮಗಳಿಗೆ ಆ ಕಡೆ ತಿರುಗಿ ಬೂಟಿನ ದಾರ ಕಟ್ಟಿಕೊಳ್ಳಲು ಹೇಳುತ್ತಿದ್ದಳು.

ಓಣಿಯವರಿಗೆ ಕಾಣುತ್ತಿದ್ದದ್ದು ಬೇರೆ. ತಾಯಿ ಮಗಳು ಓಡಿ ಬರುವುದನ್ನು ನೋಡಿ ಕಿರಾಣಿ ಅಂಗಡಿಯವನು ಬಾಗಿಲ ಹಲಗೆ ತೆಗೆಯುತ್ತಲೇ ಕೂಗುತ್ತಿದ್ದ: "ಏನು ಶಿಸ್ತು ಮಾಸ್ತರೇ ನಿಮ್ಮ ಮನೇದು! ನಮ್ಮವಳಿಗೂ ಸ್ವಲ್ಪ ಹೇಳಿ ಕೊಡಿ, ಹಾಸಿಗೆ ಬಿಟ್ಟು ಏಳೋದೇ ಇಲ್ಲ."

"ನಾಳೆಯಿಂದ ಕಳಿಸಿ ಸ್ವಾಮಿ. ಮೈ ಬಗ್ಗಿದ್ರೆ ಬದುಕು ತಾನಾಗೇ ಬಗ್ಗುತ್ತೆ," ಎನ್ನುತ್ತಿದ್ದ ಇವನು ಸೈಕಲ್ ಮೇಲಿಂದ. ಇವನು ಮಾತ್ರ ಓಡುತ್ತಿರಲಿಲ್ಲ. ಬನಿಯನ್ನಿನ ಕೆಳಗೆ ಹೊಟ್ಟೆ ಇಳಿಬಿದ್ದಿತ್ತು.

ಲಾಂಡ್ರಿಯಲ್ಲಿ ಜೊತೆಗೆ ಕೆಲಸ ಮಾಡುವ ಇಸ್ತ್ರಿ ಅಕ್ಕನ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ.

"ಏನೇ ಅದು ಕಾಲ ಮೇಲೆ?"

"ಓಡೋವಾಗ ಬೇಲಿ ತಾಕ್ತು ಅಕ್ಕ."

"ಎಂಥಾ ಬೇಲಿನೇ ಅದು, ದಿನಾ ನಿನ್ನೇ ಹುಡುಕ್ಕೊಂಡು ಬರೋದು? ಒಂದಿನ ಇಲ್ಲಿಗೆ ಕರ್ಕೊಂಡು ಬಾ ಅದನ್ನ. ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ನೆರಿಗೆ ತೆಗೀತೀನಿ."

ಇಬ್ಬರೂ ನಕ್ಕರು. ಇವಳ ಕೈ ಬಾಯಿಗೆ ಹೋಯಿತು. ನಾನು ತಡೆದುಕೊಂಡರೆ ಮಗುವಿಗೆ ತಾಕುವುದಿಲ್ಲ. ಇವಳ ಲೆಕ್ಕ ಅಷ್ಟೇ ಇತ್ತು.

ಆ ಲೆಕ್ಕ ತಪ್ಪಿದ್ದು ಹಾಲಿನ ವ್ಯಾನಿನಿಂದ. ಹೋದ ವಾರ ಪಕ್ಕದ ಮನೆಯ ಕೂಸು ಅಂಬೆಗಾಲಿಡುತ್ತ ರಸ್ತೆಗೆ ಹೋಗಿತ್ತು, ತಿರುವಿನಲ್ಲಿ ಹಾಲಿನ ವ್ಯಾನು ಬರುತ್ತಿತ್ತು. ಓಣಿಯ ಆ ತುದಿಯಲ್ಲಿದ್ದ ಇವಳು ಕೊಡ ಬಿಸಾಕಿ ಓಡಿದಳು. ಕೂಸನ್ನು ಎದೆಗವಚಿಕೊಂಡು ಈಚೆ ಬಂದ ಮೇಲೆ ನೋಡಿದರೆ, ಮಗಳು ಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಕೂಸನ್ನು ನೋಡುತ್ತಿರಲಿಲ್ಲ, ಅಮ್ಮನ ಕಾಲುಗಳನ್ನು ನೋಡುತ್ತಿದ್ದಳು.

ಅವತ್ತಿನಿಂದ ಹುಡುಗಿಯ ಗಂಟಲಲ್ಲಿ ಒಂದು ಪ್ರಶ್ನೆ ಸಿಕ್ಕಿಕೊಂಡಿರುವುದು ತಾಯಿಗೆ ಗೊತ್ತಿತ್ತು. ತಲೆ ಬಾಚುವಾಗ, ಅನ್ನ ಕಲೆಸಿ ಕೊಡುವಾಗ, "ಅಮ್ಮಾ..." ಎಂದು ಶುರುಮಾಡಿ, "ಏನಿಲ್ಲ ಬಿಡು" ಎನ್ನುತ್ತಿದ್ದಳು. ಬೇಕಂತಲೇ ಯಾಕೆ ಹಿಂದೆ ಉಳಿಯುತ್ತೀಯ ಎಂದು ಕೇಳುತ್ತಾಳೆ, ಇನ್ನೇನು? ಅದಕ್ಕೆ ಉತ್ತರವನ್ನು ತಾಯಿ ಬಟ್ಟೆ ಹಿಂಡುತ್ತ ಹಿಂಡುತ್ತ ಸಿದ್ಧಮಾಡಿ ಇಟ್ಟುಕೊಂಡಿದ್ದಳು. 'ನಿನ್ನ ಬೆನ್ನು ನೋಡ್ಕೊಂಡು ಓಡೋದು ನಂಗಿಷ್ಟ ಕಂದ.'

ಈವತ್ತು ಕಾಲುವೆ ದಾಟುವವರೆಗೆ ಎಲ್ಲ ಎಂದಿನಂತೇ ಇತ್ತು. ಗಿರಣಿ ಗೋಡೆ ತಿರುಗಿದಾಗ ಮಗಳ ಓಟ ಕುಗ್ಗಿತು. ತಾಯಿಯೂ ಕುಗ್ಗಿಸಿದಳು. ಮಗಳು ಇನ್ನಷ್ಟು ನಿಧಾನ ಮಾಡಿದಳು.

"ಯಾಕೆ ಮರಿ, ಕಾಲು ಹಿಡ್ಕೊಂತಾ?"

"ಇಲ್ಲ. ನೀನು ಮುಂದೆ ಹೋಗಮ್ಮ."

"ಏನಂದೆ?"

"ಇವತ್ತು ನಾನು ಹಿಂದೆ." ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು. "ನಿನ್ನ ಕಾಲಲ್ಲಿ ಇನ್ನೂ ಕೀವು ಸುರೀತಿದೆ. ಮಲಗಿದ್ದಾಗ ನೋಡಿದೆ."

"ತಲೆ ಕೆಟ್ಟಿದೆಯೇನೇ? ಓಡು! ನಿನ್ನ ದಮ್ಮಯ್ಯ, ಓಡು ಕಂದ."

"ನೀನು ಓಡು."

ಇಬ್ಬರೂ ಹೆಚ್ಚುಕಡಿಮೆ ನಡೆಯುತ್ತಿದ್ದರು. ಗೇಟು ಬಂದೇಬಿಟ್ಟಿತು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ತಾಯಿ ಮಗಳು ಇಬ್ಬರೂ ನಿಂತುಬಿಟ್ಟರು. ಮುಟ್ಟು ಎಂದು ಇವಳು, ನೀನು ಮುಟ್ಟು ಎಂದು ಅವಳು. ತಾಯಿ ಮಗಳ ಕೈ ಹಿಡಿದು ಸರಳಿನ ಕಡೆ ಎಳೆದಳು. ಮಗಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಬೇರೆ ಯಾರಾದರೂ ನೋಡಿದ್ದರೆ ಆಟವಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಸೈಕಲ್ಲಿನ ಬ್ರೇಕು ಕಿರುಗುಟ್ಟಿತು. ಅವನು ಮೊದಲು ನಕ್ಕ.

"ಓಹೋ. ಇಬ್ಬರೂ ಸೇರ್ಕೊಂಡು ನನಗೇ ಆಟ ಆಡಿಸ್ತಿದ್ದೀರಾ?"

"ರೀ, ತಪ್ಪು ನಂದು, ಅವಳದಲ್ಲ..."

"ನಿನ್ನ ಬಾಯಿ ಮುಚ್ಚು. ಜಿಂಕೆ, ಇಲ್ಲಿ ಬಾ. ಗೇಟು ಮುಟ್ಟು."

ಹುಡುಗಿ ಅಲುಗಲಿಲ್ಲ. "ಅಮ್ಮ ಮುಟ್ಟಿದ ಮೇಲೆ," ಎಂದಳು.

ಹಗ್ಗ ಸುತ್ತು ಬಿಚ್ಚಿದ್ದು ತಾಯಿಗೆ ಕಾಣಲೇ ಇಲ್ಲ. ಮರದ ಹಿಡಿ ಗಾಳಿಯಲ್ಲಿ ಬೀಸಿ ಬಂದು ಮಗಳ ಕಿವಿಯ ಮೇಲೆ ಬಿತ್ತು. ಹುಡುಗಿ ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು. ಬೆರಳ ಸಂದಿಯಲ್ಲಿ ರಕ್ತ ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿತು. ಅವನು ಎರಡನೆಯ ಸಲ ಕೈಯೆತ್ತಿದ.

ಆ ಹಗ್ಗ ಇಳಿಯುವ ಮೊದಲೇ ಅವಳು ಅದನ್ನು ಹಿಡಿದಳು. ಅಂಗೈ ಸುಟ್ಟ ಹಾಗಾಯಿತು, ಬಿಡಲಿಲ್ಲ. ಒಂದು ತುದಿ ಅವನ ಮುಂಗೈಗೆ ಸುತ್ತಿಕೊಂಡಿತ್ತು, ಇನ್ನೊಂದು ಇವಳ ಕೈಯಲ್ಲಿತ್ತು. ಆಮೇಲೆ ಅವಳು ಮಾಡಿದ್ದು ದಿನಾ ಲಾಂಡ್ರಿಯಲ್ಲಿ ನೀರು ಕುಡಿದು ಭಾರವಾದ ಚಾದರಕ್ಕೆ ಮಾಡುವುದನ್ನೇ. ಕಾಲು ಅಗಲಿಸಿ ನಿಂತಳು, ಮೊಣಕೈ ಪಕ್ಕೆಗೆ ಒತ್ತಿದಳು, ತಿರುವಿದಳು. ಇನ್ನೊಂದು ಸುತ್ತು. ಕೊನೆಯ ಹನಿ ಬರುವವರೆಗೆ ಹಿಂಡುವ ಹಾಗೆ ಮತ್ತೊಂದು ಸುತ್ತು. ಅವನ ಮಣಿಕಟ್ಟಿನಲ್ಲಿ ಒಣ ಕಡ್ಡಿ ಮುರಿದಂತೆ ಸದ್ದಾಯಿತು.

ಅವನು ಅರಚುತ್ತಲೇ ಅವಳ ಹೊಟ್ಟೆಗೆ ಒದ್ದ. ಅವಳು ಗೇಟಿಗೆ ಹೋಗಿ ಬಿದ್ದಳು. ಎಡಗೈಯಲ್ಲಿ ಜಡೆ ಹಿಡಿದು ಅವನು ಅವಳ ತಲೆಯನ್ನು ಸರಳಿಗೆ ಚಚ್ಚಿದ, ಮತ್ತೆ ಚಚ್ಚಿದ. ಕಣ್ಣ ಮುಂದೆ ಕೆಂಪು ಹರಿಯಿತು. "ನನ್ನ ಮೇಲೆ ಕೈ ಮಾಡ್ತೀಯಾ? ನಿನ್ನನ್ನ ಇಲ್ಲೇ ಹೂತುಹಾಕ್ತೀನಿ, ಮೊದಲು ನಿನ್ನ ಮಗಳನ್ನ!" ಮಗಳು ತೆವಳಿ ಬಂದು ಅವನ ತೊಡೆಗೆ ಹಲ್ಲು ನಾಟಿದಳು. ಅವನು ಅವಳನ್ನು ಕಾಲಿನಿಂದ ಝಾಡಿಸಿದ, ಹುಡುಗಿ ಜಲ್ಲಿಯ ಮೇಲೆ ಉರುಳಿದಳು. ಆಗ ಅವನ ಮುಂಗೈಯಿಂದ ಬಿಚ್ಚಿಬಿದ್ದಿದ್ದ ಹಗ್ಗದ ಮರದ ಹಿಡಿ ತಾಯಿಯ ಕೈಗೆ ಸಿಕ್ಕಿತು. ಅವನು ಸೀಟಿಯನ್ನು ತುಟಿಗಿಟ್ಟು ಊದಿದ, ಅಂಥ ಹೊತ್ತಲ್ಲೂ, ಅವಳು ಸ್ತಬ್ಧಳಾಗಿ ನಿಲ್ಲುತ್ತಾಳೆಂದು. ಅವಳು ಸೀಟಿಯ ಮೇಲೇ ಹೊಡೆದಳು. ಲೋಹ ಹಲ್ಲು ಮುರಿದು ಒಳಹೊಕ್ಕಿತು. ಅವನು ಬಾಯಿ ಹಿಡಿದುಕೊಂಡು ಮೊಣಕಾಲೂರಿದ. ಅವಳು ಇನ್ನೊಂದು ಏಟನ್ನು ಮೊಣಕಾಲಿಗೆ ಹಾಕಿದಳು. ಮೂರನೆಯದಕ್ಕೂ ಕೈ ಎತ್ತಿದ್ದಳು. ಮಗಳು "ಅಮ್ಮಾ" ಎಂದಳು.

ಅವಳು ಹಿಡಿಯನ್ನು ಹಗ್ಗದ ಸಮೇತ ಗೇಟಿನ ಆಚೆಗೆ ಎಸೆದು, ಬೆನ್ನು ಬಗ್ಗಿಸಿದಳು. "ಹತ್ತು ಕಂದ. ಕುತ್ತಿಗೆ ಗಟ್ಟಿ ಹಿಡ್ಕೋ."

ಮತ್ತೆ ಓಡಿದಳು.

ಹಿಂದೆ ಅವನು ಸೈಕಲ್ ಎತ್ತಿ ಹತ್ತಿದ್ದು, ಒಂದೇ ಕೈಯಲ್ಲಿ ಹ್ಯಾಂಡಲ್ ನಿಲ್ಲದೆ ಕುಸಿದದ್ದು ಕೇಳಿಸಿತು. ಆಮೇಲೆ ಹೆಜ್ಜೆ ಸದ್ದು. ಕುಂಟುತ್ತ ಓಡುತ್ತ, ಉಗುಳುತ್ತ, ಬೈಯುತ್ತ ಬರುತ್ತಿದ್ದ. ಗಿರಣಿ ಗೋಡೆಯ ಅರ್ಧಕ್ಕೆ ಬೈಗುಳ ಏದುಸಿರಾಯಿತು. ಕಾಲುವೆಯ ಹತ್ತಿರ ಅದೂ ಕೇಳಿಸಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಬೆನ್ನ ಮೇಲೆ ಮಗಳ ಭಾರ, ಕೊರಳಿಗೆ ಮಗಳ ಬಿಸಿ ರಕ್ತ. ಕಾಲುಗಳು ಮಾತ್ರ ಇಷ್ಟು ದಿನ ಎಲ್ಲೋ ಕಟ್ಟಿಹಾಕಿದ್ದವು ಬಿಚ್ಚಿಕೊಂಡ ಹಾಗೆ ನೆಲಕ್ಕೆ ತಾಕದೆ ಹೋಗುತ್ತಿದ್ದವು.

"ಏನಮ್ಮಾ, ಇವತ್ತು ಭಾರೀ ಜೋರು!" ಎಂದು ನಗುತ್ತ ಕೂಗಿದ ಅಂಗಡಿಯವನ ಬಾಯಿ, ಅವಳ ಮುಖ ನೋಡುತ್ತಲೇ ಹಾಗೇ ನಿಂತಿತು. ಕೈಯಲ್ಲಿದ್ದ ಹಲಗೆ ಜಾರಿ ಬಿತ್ತು. ಅವಳು ತನ್ನ ಮನೆಯ ಗೇಟನ್ನೂ ದಾಟಿ ಓಡಿದಳು.

ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕ ಆಗತಾನೇ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದಳು. ಇಬ್ಬರನ್ನೂ ನೋಡಿದವಳು ಏನೂ ಕೇಳದೆ ಎದ್ದು ಹೋಗಿ ಶಟರ್ ಎಳೆದು, ಒಳಗಿನಿಂದ ಚಿಲಕ ಹಾಕಿ, ಭಾರದ ಇಸ್ತ್ರಿ ಪೆಟ್ಟಿಗೆಯನ್ನು ಬಾಗಿಲ ಪಕ್ಕದಲ್ಲಿಟ್ಟಳು. "ಬರಲಿ ನಿನ್ನ ಬೇಲಿ," ಎಂದಳು. ಆಮೇಲೆ ಫೋನು ತೆಗೆದು, ಮೊದಲು ಆಸ್ಪತ್ರೆಗೆ, ಆಮೇಲೆ ಪೊಲೀಸರಿಗೆ ಮಾಡಿ, ಗದರುವ ದನಿಯಲ್ಲಿ ವಿಳಾಸ ಹೇಳಿದಳು.

ತಾಯಿ ಒಗೆದ ಚಾದರಗಳ ರಾಶಿಯ ಮೇಲೆ ಮಗಳನ್ನು ಮಲಗಿಸಿ, ತಲೆಯನ್ನು ತೊಡೆಗಿಟ್ಟುಕೊಂಡು, ಕಿವಿಗೆ ಮೆತ್ತನೆ ಬಟ್ಟೆ ಒತ್ತಿ ಹಿಡಿದಳು. ಹೊಟ್ಟೆಯಲ್ಲಿ ಒದೆ ಬಿದ್ದ ಕಡೆ ಕಲ್ಲು ಕೂತಂತಿತ್ತು.

"ಅಮ್ಮಾ..."

"ಹೇಳು ಮರಿ. ಇವತ್ತು 'ಏನಿಲ್ಲ ಬಿಡು' ಅನ್ನಬೇಡ."

ಅವಳು ಸಿದ್ಧಮಾಡಿ ಇಟ್ಟಿದ್ದ ಉತ್ತರವನ್ನು ಮನಸ್ಸಿನಲ್ಲೇ ಹುಡುಕಿ ತೆಗೆದಳು. ನಿನ್ನ ಬೆನ್ನು ನೋಡ್ಕೊಂಡು ಓಡೋದು...

"ನೀನು ನನಗೋಸ್ಕರ ಹಿಂದೆ ಉಳೀತಿದ್ದೆ ಅಂತ ನಂಗೊತ್ತು," ಎಂದಳು ಹುಡುಗಿ. ಜಲ್ಲಿಗೆ ಬಡಿದ ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು, ಇನ್ನೊಂದು ಅಮ್ಮನನ್ನೇ ನೋಡುತ್ತಿತ್ತು. "ಅದಲ್ಲ ನಾನು ಕೇಳೋದು. ನನ್ನನ್ನ ಹೊತ್ಕೊಂಡೂ ಇಷ್ಟು ಜೋರಾಗಿ ಓಡೋಕೆ ನಿಂಗೆ ಬರುತ್ತಲ್ಲ. ಮತ್ತೆ ಮೊದಲನೇ ದಿನಾನೇ ನಾವು ಯಾಕೆ ಹೀಗೆ ಓಡ್ಲಿಲ್ಲಮ್ಮ?"