ಇವತ್ತಾದರೂ ಮನೆಯಲ್ಲಿರಲಿ

ಹೆಂಡತಿಗೆ ತೊಡಿಸಿದ್ದ ಕೋಟಿನ ತೋಳಿನಲ್ಲಿ ಬಿಚ್ಚಿಕೊಂಡಿದ್ದ ದಾರವನ್ನು ದರ್ಜಿ ಬಗ್ಗಿ ಹಲ್ಲಿನಿಂದ ಕಚ್ಚುತ್ತಿದ್ದಾಗ ಮನೆಯ ಮುಂದೆ ವಿಶ್ವವಿದ್ಯಾಲಯದ ವ್ಯಾನು ಬಂದು ನಿಂತಿತು. ದಾರ ತುಂಡಾಯಿತು. ಕಾಲರು ಸರಿಮಾಡಿದ, ಕೆಡಿಸಿದ, ಮತ್ತೆ ಸರಿಮಾಡಿದ. ಊರೂರು ಸುತ್ತಿದವಳು ಕೊನೆಗೆ ತನ್ನ ಹಾಸಿಗೆಯಲ್ಲೇ, ನಿದ್ದೆಯಲ್ಲೇ ಹೋಗಿದ್ದಳು.

"ಒಂದು ಕಡೆ ಕೂತ್ಕೊಳ್ಳೋ," ಎಂದಳು ಅವನ ಅಕ್ಕ. "ಬೆಳಗ್ಗಿಂದ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ."

ವ್ಯಾನಿನಿಂದಿಳಿದು ಬಂದವನು ವಿಭಾಗದ ಮುಖ್ಯಸ್ಥ, ಒಂದು ಕಾಲದಲ್ಲಿ ಅವಳದೇ ವಿದ್ಯಾರ್ಥಿ. ಬಾಗಿಲಲ್ಲೇ ಕೈಕಟ್ಟಿ ನಿಂತ.

"ಸರ್, ಸಭಾಂಗಣದಲ್ಲಿ ಎಲ್ಲ ಸಿದ್ಧ ಮಾಡಿದೀವಿ. ಮೇಡಂನ ಸ್ವಲ್ಪ ಹೊತ್ತು ಅಲ್ಲಿಟ್ಟು, ಆಮೇಲೆ ನೇರ ಮಣ್ಣಿಗೆ. ಎಲ್ಲೆಲ್ಲಿಂದಲೋ ಜನ ಬಂದು ಕಾಯ್ತಿದಾರೆ. ನೀವು ಹ್ಞೂಂ ಅಂದ್ರೆ..."

"ಅನ್ನಲ್ಲ," ಎಂದಳು ಅಕ್ಕ. "ಜೀವಮಾನವೆಲ್ಲ ದೇಶ ಸುತ್ತಿದ್ದು ಸಾಲದಾ? ಇವತ್ತಾದ್ರೂ ಮನೇಲಿರ್ಲಿ. ಇಲ್ಲಿಂದ್ಲೇ ಮಣ್ಣಿಗೆ ಹೋಗ್ಲಿ."

ಕಿಟಕಿಯ ಬಳಿಯಿದ್ದ ಮಗ ತಿರುಗಿದ. "ಅಪ್ಪ, ನೀನು ಹೇಳು."

ದರ್ಜಿ ಅಡುಗೆಮನೆಗೆ ಹೋಗಿ, ಬಾಯಾರಿಕೆಯಿಲ್ಲದೆ ನೀರು ಕುಡಿದ.

ಅವಳು ಕಟ್ಟಡಗಳ ಪ್ರೊಫೆಸರು. ಎಲ್ಲಿ ಭೂಮಿ ನಡುಗಿದರೂ ಅವಳಿಗೆ ಕರೆ ಬರುತ್ತಿತ್ತು. ನಿಂತುಳಿದ ಮನೆಗಳ ಗೋಡೆ ನೋಡಿ, ಯಾವುದರೊಳಗೆ ಜನ ಮತ್ತೆ ಕಾಲಿಡಬಹುದು, ಯಾವುದರೊಳಗೆ ಕೂಡದು ಎಂದು ಹೇಳುವುದು ಅವಳ ಕೆಲಸ. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಬಿರುಕಮ್ಮ' ಅನ್ನುತ್ತಿದ್ದರು. ನೆಂಟರ ಮನೆಗೆ ಹೋದರೆ ಎಲೆ ನೋಡುವ ಮೊದಲು ಗೋಡೆ ನೋಡುತ್ತಿದ್ದಳು. ಅಕ್ಕನ ಹೊಸ ಮನೆಯ ಬಾಲ್ಕನಿಯಲ್ಲಿ ನಿಲ್ಲಲಾರೆ ಎಂದಿದ್ದಕ್ಕೆ ಅಕ್ಕ ಎಷ್ಟೋ ಕಾಲ ಮುಖ ಕೊಟ್ಟು ಮಾತಾಡಿರಲಿಲ್ಲ.

"ಭೂಮಿ ನಡುಗಿದ್ರೆ ಅಲ್ಲಿಯೋರು ಮನೆ ಬಿಟ್ಟು ಓಡ್ತಾರೆ. ನಮ್ಮವಳು ಎಲ್ಲಿ ನಡುಗಿದ್ರೂ ಮನೆ ಬಿಟ್ಟು ಓಡ್ತಾಳೆ," ಎಂದು ದರ್ಜಿ ಗಿರಾಕಿಗಳನ್ನು ನಗಿಸುತ್ತಿದ್ದ.

*

ಒಂದು ಸಲ ಮಾತ್ರ ಅವನು ನಗಲಿಲ್ಲ. ಮಗ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಕರೆ ಬಂತು, ಅವಳು ಚೀಲ ತುಂಬತೊಡಗಿದಳು.

"ಹೋಗಬೇಡ," ಎಂದ. "ಊರವರ ಮನೆ ನೋಡಿದ್ದು ಸಾಕು, ನಿನ್ನ ಮನೆ ನೋಡ್ಕೋ."

ಅವಳು ಅವನನ್ನೇ ನೋಡಿದಳು. ವಾದ ಮಾಡಲಿಲ್ಲ. ತುಂಬಿದ ಬಟ್ಟೆ ತೆಗೆದು ಕಪಾಟಿಗಿಟ್ಟಳು. ದರ್ಜಿ ಗೆದ್ದೆ ಅಂದುಕೊಂಡ. ಅಂಗಡಿಯಿಂದ ಬೇಗ ಬಂದು ಮಗನನ್ನು ಆಡಿಸಿದ. ಅವಳು ಅಡುಗೆ ಮಾಡಿದಳು, ಮಗನಿಗೆ ನೀರು ಹಾಕಿದಳು. ಕಿವಿ ಮಾತ್ರ ರೇಡಿಯೋದಲ್ಲಿತ್ತು.

ಕೆಲವು ದಿನ ಕಳೆದು ಅಲ್ಲಿ ಭೂಮಿ ಮತ್ತೆ ನಡುಗಿತು. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಒಂದು ಆಸ್ಪತ್ರೆಗೆ ರೋಗಿಗಳನ್ನೆಲ್ಲ ವಾಪಸ್ಸು ಸೇರಿಸಿದ್ದರು. ಅದು ಕುಸಿದಿತ್ತು.

ಅವಳು ಮಗನ ಉಗುರು ಕತ್ತರಿಸುತ್ತಿದ್ದಳು. "ಒಳಗಿನ ಗೋಡೆ ನೋಡಿದ್ರೆ ಗೊತ್ತಾಗಿರೋದು," ಎಂದಳು, ಯಾರಿಗೂ ಅಲ್ಲವೆಂಬಂತೆ. ಮಗನ ಇನ್ನೊಂದು ಕೈ ಹಿಡಿದುಕೊಂಡಳು.

ಅಷ್ಟೇ. ಆ ಮಾತನ್ನು ಜಗಳದಲ್ಲಿ ಕೂಡ ಮತ್ತೆ ಎತ್ತಲಿಲ್ಲ. ಅವನೂ 'ಹೋಗಬೇಡ' ಅನ್ನಲಿಲ್ಲ. ಹಾಗಂತ ಅವನ ಮುನಿಸು ಹೋಗಿರಲಿಲ್ಲ, ಬಾಯಿ ಮುಚ್ಚಿಕೊಂಡಿತ್ತು.

*

ಲೋಟ ಇಟ್ಟು ದರ್ಜಿ ಹೊರಗೆ ಬಂದ. "ಕರ್ಕೊಂಡು ಹೋಗಿ."

"ತಲೆ ಕೆಟ್ಟಿದೆಯೇನೋ ನಿನಗೆ?" ಎಂದಳು ಅಕ್ಕ. "ಇವತ್ತೂನಾ?"

"ಕಾಯ್ತಿದಾರಂತಲ್ಲ ಅಕ್ಕ."

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕೂರಿಸಿದರೂ ಅವನು ಎದ್ದು ಹಿಂದಕ್ಕೆ ಹೋದ, ಬಾಗಿಲಿಗೆ ಹೋದ, ಮತ್ತೆ ಅಕ್ಕನ ಪಕ್ಕಕ್ಕೆ ಬಂದ. ಭಾಷಣಗಳಲ್ಲಿ ಅವಳು ಬರೆದದ್ದು, ಕಲಿಸಿದ್ದು, ಹತ್ತಿದ ವಿಮಾನಗಳು ಎಲ್ಲ ಬಂದವು. ಯಾವುದೂ ಅವನ ಕಿವಿಯಲ್ಲಿ ನಿಲ್ಲಲಿಲ್ಲ.

ಆಮೇಲೆ ಒಬ್ಬ ನಡುವಯಸ್ಸಿನ ಹೆಂಗಸು ವೇದಿಕೆ ಹತ್ತಿದಳು. ಅವಳ ಭಾಷೆ ಬೇರೆ. ಮಗಳು ಈ ವಿಭಾಗದಲ್ಲೇ ಓದುತ್ತಿದ್ದಳು. ಪಕ್ಕದಲ್ಲಿ ನಿಂತು ತಾಯಿಯ ಮಾತನ್ನು ತಿರುಗಿಸಿ ಹೇಳಿದಳು.

"ನಮ್ಮನೆಯೊಳಗೆ ಹೋಗೋಕೆ ಇವರು ಬಿಡಲಿಲ್ಲ. ಮಗು ಹಸಿದಿತ್ತು, ಹೊರಗೆ ಚಳಿ. ಬಾಗಿಲಿಗೆ ಅಡ್ಡ ನಿಂತ್ರು. ನಾನು ಸಿಟ್ಟಲ್ಲಿ ಇವರ ಕೆನ್ನೆಗೆ ಹೊಡೆದೆ. ಆದ್ರೂ ಜರುಗಲಿಲ್ಲ. ಸಂಜೆ ಮನೆ ಬಿತ್ತು. ಒಳಗೆ ಯಾರೂ ಇರಲಿಲ್ಲ." ಹುಡುಗಿ ತನ್ನದೊಂದು ಮಾತು ಸೇರಿಸಿದಳು. "ಆ ಮಗು ನಾನು."

"ಹಲ್ಲುನೋವು ಅಂದಿದ್ಲು," ಎಂದ ದರ್ಜಿ.

"ಏನೋ?"

"ಕೆನ್ನೆ ಊದಿಸ್ಕೊಂಡು ಬಂದಿದ್ಲು ಅಕ್ಕ. ಕೇಳಿದ್ರೆ ಹಲ್ಲುನೋವು ಅಂದ್ಲು. ನಾನು ಡಾಕ್ಟರ ಹತ್ರ ಕೇಳಿ ಮಾತ್ರೆ ತಂದುಕೊಟ್ಟೆ. ನುಂಗಿದ್ಲು ಕೂಡ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಹೆಂಗಸು ಇಳಿದು ಬಂದಾಗ ಅಕ್ಕ ತನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಕುರ್ಚಿ ತಟ್ಟಿ ತೋರಿಸಿದಳು.

ಈ ಹುಡುಗಿ ಬದುಕಿದಳು. ಆ ಆಸ್ಪತ್ರೆಯವರು? ದರ್ಜಿಗೆ ಕೂಡಿಸಲೂ ಆಗಲಿಲ್ಲ, ಕಳೆಯಲೂ ಆಗಲಿಲ್ಲ. ಮತ್ತೆ ಎದ್ದ.

ಹೊರಗೆ ಹೆಂಡತಿಯನ್ನು ವ್ಯಾನಿಗೇರಿಸಿದರು. ಮಗ ಮುಂದಿನ ಬಾಗಿಲು ತೆರೆದು ಹಿಡಿದ. "ಹತ್ತಪ್ಪ."

"ನೀನು ಕೂತ್ಕೋ. ನಾನು ನಡೀತೀನಿ."

ವ್ಯಾನು ನಿಧಾನಕ್ಕೆ ಹೊರಟಿತು. ದರ್ಜಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಜೊತೆಗೆ ನಡೆದ, ಬಸ್ಸು ಬಿಟ್ಟಮೇಲೂ ಮಾತು ಮುಗಿಯದವರು ನಡೆಯುವಂತೆ. ಗೇಟು ದಾಟಿತು. ದೊಡ್ಡ ರಸ್ತೆಗೆ ತಿರುಗಿ ಚಾಲಕ ವೇಗ ಹೆಚ್ಚಿಸಿದ. ಹಿಂದಿನಿಂದ ಯಾರೋ ಕೂಗಿದರು. ದರ್ಜಿ ಕೈ ತೆಗೆಯಲಿಲ್ಲ. ಒಂದು ಕಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿರುಗದೆ ಓಡತೊಡಗಿದ.